ಹದಿನಾರರಲ್ಲಿ ಒಂದು

ಭರತೇಶ ಲ್ಯಾಬಿನ ಬಾಗಿಲು ತೆಗೆದ. ಸಾಲಾಗಿ ಕೂತ ಹದಿನಾರು ಕಂಪ್ಯೂಟರುಗಳಲ್ಲಿ ಏಳನೆಯದು ಆಫ್ ಆಗಿತ್ತು. ಅದರ ಹಣೆಗೆ ಅರಿಶಿನ ಕುಂಕುಮ, ನೆತ್ತಿಗೆ ಸೇವಂತಿಗೆ ಹಾರ.

"ಇದನ್ನ ಆಫ್ ಮಾಡಿದ್ಯಾರು ಪುಟ್ಟರಾಜಣ್ಣ?"

ಅಟೆಂಡರ್ ಪುಟ್ಟರಾಜು ಕರ್ಪೂರದ ತಟ್ಟೆ ಹಿಡಿದೇ ಬಂದ. "ನಾನೇ ಸಾ. ಆಯುಧಪೂಜೆ ಅಲ್ವಾ, ಎಲ್ಲಾನೂ ಆಫ್ ಮಾಡಿ ಪೂಜೆ ಮಾಡು ಅಂದ್ರು ರುದ್ರೇಶ್ ಸಾರು. ನಿಮ್ ಕೆಲ್ಸ ಓಡ್ತಾ ಐತಲ್ಲ, ಅದ್ಕೇ ಒಂದುಕ್ಕೆ ಮಾಡ್ದೆ. ಒಂದುಕ್ಕೆ ಮಾಡುದ್ರೆ ಎಲ್ಲಕ್ಕೂ ಸಲ್ತದೆ. ಮಿಕ್ಕಿದ್ನ ಮುಟ್ಟಿಲ್ಲ ಕಣ್ ಸಾ."

"ಒಂದು ನಿಂತ್ರೆ ಎಲ್ಲಾ ನಿಲ್ತವೆ ಪುಟ್ಟರಾಜಣ್ಣ..."

ಚನ್ನರಾಯಪಟ್ಟಣದ ಆಚೆಗಿನ ಆ ಕಾಲೇಜಿನಲ್ಲಿ ಭರತೇಶ ಅತಿಥಿ ಉಪನ್ಯಾಸಕ. ವಿಮಾನದ ರೆಕ್ಕೆಯ ಮೇಲೆ ಗಾಳಿ ಹೇಗೆ ಹರಿಯುತ್ತದೆಂಬ ಲೆಕ್ಕವನ್ನು ಹದಿನಾರು ಪಾಲು ಮಾಡಿ ಆ ಹಳೇ ಕಂಪ್ಯೂಟರುಗಳಿಗೆ ಹಂಚಿದ್ದ. ಪ್ರತಿ ಹೆಜ್ಜೆಗೂ ಒಂದಕ್ಕೆ ಇನ್ನೊಂದರ ಉತ್ತರ ಬೇಕು. ಈಗ ಹತ್ತೊಂಬತ್ತು ದಿನದ ಓಟ ಮಣ್ಣುಪಾಲು. ನಡುನಡುವೆ ಬಂದ ಉತ್ತರಗಳನ್ನು ಉಳಿಸಿಡಲು ದೊಡ್ಡ ಡಿಸ್ಕೊಂದನ್ನು ಕೊಡಿಸಿ ಎಂದು ವಿಭಾಗದ ಮುಖ್ಯಸ್ಥ ರುದ್ರೇಶರಿಗೆ ಮೂರು ಸಲ ಬರೆದುಕೊಟ್ಟಿದ್ದ. ಮೂರು ಸಲವೂ "ನೋಡೋಣ" ಎಂದವರು ನೋಡಿರಲಿಲ್ಲ. ಹಬ್ಬ ಕಳೆದ ಮಾರನೇ ದಿನವೇ ಆಯ್ಕೆ ಸಮಿತಿ ಬರುತ್ತದೆ. ಉತ್ತರ ತೋರಿಸಿದರೆ ಮಾತ್ರ ಮುಂದಿನ ವರ್ಷಕ್ಕೂ ಕೆಲಸ.

ಸ್ಟಾಫ್ ರೂಮಿನಲ್ಲಿ ರುದ್ರೇಶ ಪೂಜೆಯ ಪುರಿ-ಬೆಲ್ಲ ಮೆಲ್ಲುತ್ತಲೇ ಭರತೇಶ ಹೇಳಿದ್ದನ್ನು ಕೇಳಿದರು. "ಛೇ, ಪಾಪ. ಆದ್ರೆ ರಿಸಲ್ಟೇ ಇಲ್ದೆ ನಿಮ್ಮ ಹೆಸರು ಸಮಿತಿಗೆ ಹೆಂಗ್ರೀ ಕಳಿಸ್ಲಿ? ಈ ವರ್ಷಕ್ಕೆ ಸಾಕು ಬಿಡಿ."

"ಆಫ್ ಮಾಡಿಸಿದ್ದು ನೀವೇ ಅಲ್ವಾ ಸರ್?"

"ಪೂಜೆ ಬೇಡ ಅನ್ನೋಕಾಗುತ್ತೇನ್ರೀ?"

ಸುತ್ತ ಹತ್ತು ಹನ್ನೆರಡು ಜನ ಇದ್ದರು, ನಿನ್ನೆಯವರೆಗೂ ಇವನ ಡಬ್ಬಿಗೆ ಕೈ ಹಾಕಿ ತಿಂದವರೇ. ಒಬ್ಬರು ಬಾಳೆಹಣ್ಣು ಸುಲಿದರು. ಇನ್ನೊಬ್ಬರು ಬಸ್ಸಿಗೆ ಹೊತ್ತಾಯಿತು ಎಂದು ಎದ್ದರು. ಒಬ್ಬರ ಬಾಯಿಂದಲೂ "ಯಾಕೆ ಸರ್?" ಎಂಬ ಮಾತು ಬರಲಿಲ್ಲ. ಭರತೇಶನಿಗೆ ದುಃಖಕ್ಕಿಂತ ಹೇಸಿಗೆಯೇ ಹೆಚ್ಚಾಯಿತು.

ಹೊರಬಂದರೆ ಬಾಗಿಲಾಚೆ ಪುಟ್ಟರಾಜು ಎಲ್ಲ ಕೇಳಿಸಿಕೊಂಡು ನಿಂತಿದ್ದ. ಅವನ ಕಣ್ಣು ಒದ್ದೆಯಾಗಿತ್ತು.

"ಸಾ, ಒಂದು ನಿಂತಿದ್ದುಕ್ಕೆ ಆ ಹದಿನೈದೂ ನಿಂತ್ಕಂಡ್ಬುಟ್ವಾ?"

"ಹೂಂ."

ಒಳಗೆ ಯಾರೋ ಇನ್ನಷ್ಟು ಬೆಲ್ಲ ಕೇಳಿದರು. ಪುಟ್ಟರಾಜು ಆ ಕಡೆಗೊಮ್ಮೆ ನೋಡಿದ.

"ಮಿಷನ್ನುಗಳೇ ವಾಸಿ ಕಣ್ ಸಾ."