ಗಂಡನಿಗೆ ತೊಡಿಸಿದ ಸೊಂಟನೋವು

ಕುಂತರೂ ಆಗದು, ನಿಂತರೂ ಆಗದು. ಶಾಂತವ್ವ ದವಾಖಾನೆಯ ಗೋಡೆಗುಂಟ ಅತ್ತಿಂದಿತ್ತ ತಿರುಗುತ್ತಲೇ ಇದ್ದಳು. ಖಾನಾವಳಿಯಲ್ಲಿ ರೊಟ್ಟಿ ಬಡಿದು ಬಡಿದು ಅವಳ ಸೊಂಟ ಹಿಡಿದು ವರ್ಷಗಳಾಗಿದ್ದವು. ಹಳೇ ನೋವು ಎಲ್ಲಿಂದ ಏಳುತ್ತದೆಂದು ಹೊತ್ತವರಿಗೇ ತಿಳಿಯದು; ಅದಕ್ಕೇ ಈಗ ಎಲ್ಲ ಕಡೆಯಂತೆ ಇಲ್ಲೂ ಅದನ್ನು ಯಂತ್ರದಿಂದ ಮನೆಯವರೊಬ್ಬರ ಹೊಸ ಮೈಗೆ ದಾಟಿಸಿ, ಮೂಲ ಎಲ್ಲಿದೆಯೆಂದು ನೋಡುತ್ತಿದ್ದರು.

"ಎಲ್ಲಾ ನಾಟಕ ಐತ್ರಿ ಇಕೀದು," ಎಂದು ನಗುತ್ತಲೇ ಗಂಡ ಈರಪ್ಪ ಸೊಂಟಕ್ಕೆ ಯಂತ್ರದ ಬೆಲ್ಟು ಕಟ್ಟಿಸಿಕೊಂಡ.

ಡಾಕ್ಟರು ಗುಂಡಿ ಒತ್ತಿದರು. "ಯವ್ವಾ!" ಎಂದು ಬಾಗಿದವನು ಬಾಗಿದಂತೆಯೇ ಉಳಿದ. ಬಲಗಾಲು ಥರಥರ ನಡುಗುತ್ತಿತ್ತು.

"ಡಿಸ್ಕ್ ಸರದು ಬಲಗಾಲಿನ ನರ ಒತ್ತೇತಿ. ಆರಾಮ ಆಗ್ತೈತಿ," ಎಂದರು ಡಾಕ್ಟರು. "ಬಾರವ್ವಾ, ನಿನ್ನ ನೋವು ನಿನಗ ವಾಪಸ್ ಹಾಕ್ತೀನಿ. ನಾಳಿಂದ ಚಿಕಿತ್ಸಾ ಸುರು ಮಾಡೋಣು."

ಶಾಂತವ್ವ ಆಗಲೇ ಬಗ್ಗಿ ಚಪ್ಪಲಿ ಮೆಟ್ಟಿಕೊಂಡಿದ್ದಳು. ತಾನು ಬಗ್ಗಿದೆನೆಂಬುದು ಆಮೇಲೆ ಹೊಳೆದು, ಸುಮ್ಮನೆ ಇನ್ನೊಮ್ಮೆ ಬಗ್ಗಿ ನೋಡಿದಳು.

"ಏ ಶಾಂತಾ, ಲಗೂನ ತಗೋಳೇ ಇದನ್ನ!" ಈರಪ್ಪ ಹಲ್ಲು ಕಚ್ಚಿ ಅಂದ.

"ನಾಳೆ ಬಂದು ತಗೋತೀನ್ರಿ ಡಾಕ್ಟರ್ ಸಾಹೇಬ್ರ," ಎಂದಳು ಅವಳು, ಹೊಸ್ತಿಲು ದಾಟುತ್ತ. "ಇವತ್ತೊಂದಿನ ರೊಟ್ಟಿ ಇವರೇ ಬಡೀಲಿ."