ಗುಂಡಿ ಕಳೆಯುವ ಲೆಕ್ಕ

“ಮೂರು ಗುಡ್ಡೆ ಇದೆ ತಾತ. ಇದರಿಂದ ಎರಡು ಗುಂಡಿ ಕಳಿ ಅಂದ್ರೆ ಹೇಗೆ ಕಳೀಲಿ? ಇಲ್ಲಿ ಗುಂಡಿಯೇ ಇಲ್ವಲ್ಲ” ಎಂದು ಮೊಮ್ಮಗಳು ಹಿತ್ತಿಲ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. ತಾತ ಗುದ್ದಲಿಯ ಹಿಡಿಗೆ ಗದ್ದ ಊರಿಕೊಂಡು ಯೋಚಿಸಿದರು.

ತಾತ ನಿವೃತ್ತ ಭೂಗೋಳದ ಮೇಷ್ಟ್ರು. ಬೆಟ್ಟ ಕಣಿವೆಗಳನ್ನು ಬಿಟ್ಟರೆ ಬೇರೆ ವಿದ್ಯೆಯಲ್ಲಿ ಕೈ ಪಳಗಿರಲಿಲ್ಲ. ಮೊಮ್ಮಗಳ ಶಾಲೆಯಲ್ಲಿ ಬಾಟಲಿ ಮುಚ್ಚಳಗಳನ್ನಿಟ್ಟು, ಕೆಂಪು ಮುಚ್ಚಳ ಪ್ಲಸ್, ನೀಲಿ ಮುಚ್ಚಳ ಮೈನಸ್ ಎಂದು ಕಲಿಸಿದ್ದರು. “ನೀಲಿ ಮುಚ್ಚಳ ಸೊನ್ನೆಗಿಂತ ಕಡಿಮೆ ಹೇಗಾಗತ್ತೆ? ಅದೂ ಒಂದು ಮುಚ್ಚಳ ತಾನೆ?” ಎಂದು ಹುಡುಗಿ ಪಟ್ಟು ಹಿಡಿದಿದ್ದಳು. ತಾತನಿಗೆ ಆ ಮಾತು ನ್ಯಾಯವೆನಿಸಿತು. ಹಾಗಾಗಿ ಪಾಠ ಹಿತ್ತಿಲಿಗೆ ಬಂದಿತ್ತು. ಸಪಾಟು ನೆಲ ಸೊನ್ನೆ, ಗುಡ್ಡೆ ಪ್ಲಸ್, ಗುಂಡಿ ಮೈನಸ್. ಗುಂಡಿಯನ್ನು ನೋಡಿ ಇದೂ ಒಂದು ವಸ್ತು ತಾನೆ ಎಂದು ಯಾರೂ ತಕರಾರು ತೆಗೆಯುವಂತಿಲ್ಲ. ಹಳೆಯ ಹೂಕುಂಡಗಳನ್ನು ಬೋರಲು ಹಾಕಿ ಮೂರು ಗುಡ್ಡೆ ಮಾಡಿದ್ದೂ ಆಗಿತ್ತು.

ಸೊಸೆ ಆಸ್ಪತ್ರೆಯಲ್ಲಿ ನರ್ಸು. ಬೆಳಿಗ್ಗೆ ಡ್ಯೂಟಿಗೆ ಹೊರಡುವಾಗ, “ಮಾವ, ಇವತ್ತು ಸಂಜೆಯೊಳಗೆ ಇವಳಿಗೆ ಈ ಮೈನಸ್ ಕಳೆಯೋ ಲೆಕ್ಕ ಬರ್ಲಿಲ್ಲ ಅಂದ್ರೆ ನಾಳೆಯಿಂದ ಟ್ಯೂಷನ್ನಿಗೆ ಹಾಕ್ತೀನಿ. ನೀವು ಬೇಜಾರು ಮಾಡ್ಕೋಬೇಡಿ” ಎಂದಿದ್ದಳು. ಹೆಂಡತಿ ತೀರಿಕೊಂಡ ಮೇಲೆ ತಾತನ ಪಾಲಿಗೆ ಮನೆಯಲ್ಲಿ ಮಾತು ಕೇಳಿಸುತ್ತಿದ್ದದ್ದು ಸಂಜೆಯ ಈ ಪಾಠದ ಹೊತ್ತಿನಲ್ಲಿ ಮಾತ್ರ. “ಅವಳನ್ನು ಕರೆದುಕೊಂಡೆ, ನಿನ್ನ ಇಚ್ಛೆ. ಇದೊಂದನ್ನು ನನಗೆ ಬಿಡಪ್ಪ” ಎಂದು ದೇವರಿಗೆ ಕೈಮುಗಿದೇ ಗುದ್ದಲಿ ಹಿಡಿದಿದ್ದರು.

“ಗುಂಡಿ ಇಲ್ದಿದ್ರೆ ಮಾಡ್ಕೊಂಡ್ರಾಯ್ತು” ಎಂದು ತಾತ ಏದುಸಿರು ಬಿಡುತ್ತ ಎರಡು ಗುಂಡಿ ತೋಡಿದರು. ಅಗೆದ ಮಣ್ಣು ಪಕ್ಕದಲ್ಲಿ ಮತ್ತೆರಡು ಗುಡ್ಡೆಯಾಯಿತು.

“ಈಗ ಎಷ್ಟಿದೆ ಹೇಳು.”

“ಐದು ಗುಡ್ಡೆ, ಎರಡು ಗುಂಡಿ. ಅಂದ್ರೆ ಮೂರೇ. ನೀವು ಸುಮ್ನೆ ಬೆವರು ಸುರಿಸಿದ್ರಿ.”

“ಸುಮ್ನೆ ಅಲ್ಲಮ್ಮ. ಕಳೆಯೋಕೆ ಗುಂಡಿ ಸಿಕ್ತಲ್ಲ. ಈಗ ಎರಡನ್ನೂ ಇಲ್ಲದ ಹಾಗೆ ಮಾಡು.”

ಅವಳು ಪಕ್ಕದ ಗುಡ್ಡೆಗೆ ಕಾಲು ಹಾಕಿದಳು. ತಾತ ಗುದ್ದಲಿ ಅಡ್ಡ ಹಿಡಿದರು. “ಅದನ್ನ ಮುಟ್ಟಬೇಡ. ಗುಂಡಿ ಜೊತೆ ಗುಡ್ಡೆಯೂ ಹೋದ್ರೆ ಲೆಕ್ಕ ಕೆಡತ್ತೆ. ಹೊರಗಿನ ಮಣ್ಣು ಬೇಕು.”

“ಹೊರಗಿನ ಮಣ್ಣು ಎಲ್ಲಿದೆ?”

ತಾತನ ಕಣ್ಣು ಮೋಟುಗೋಡೆಯ ಆಚೆ ಹೋಯಿತು. ಅಲ್ಲಿ ಪಕ್ಕದ ಮನೆಯ ಹಲ್ಲಿನ ಡಾಕ್ಟರ ಹೂವಿನ ಪಾತಿ. ನಿನ್ನೆ ತಾನೆ ಗೊಬ್ಬರ ಬೆರೆಸಿ ಹದ ಮಾಡಿದ ಮಣ್ಣು ಕೇಕಿನ ಹಾಗೆ ಉಬ್ಬಿಕೊಂಡಿತ್ತು. ತಾತ ಬಾಯಿಬಿಡುವಷ್ಟರಲ್ಲಿ ಮೊಮ್ಮಗಳು ಬಕೆಟ್ ಸಮೇತ ಗೋಡೆ ಹಾರಿಯಾಗಿತ್ತು.

ಎರಡು ಬಕೆಟ್ಟಿಗೆ ಎರಡು ಗುಂಡಿಯೂ ತುಂಬಿದವು. ಅವಳು ಗುಡ್ಡೆ ಎಣಿಸಿದಳು. ನಂಬಿಕೆ ಬಾರದೆ ಇನ್ನೊಮ್ಮೆ ಎಣಿಸಿದಳು. “ತಾತ, ಐದು. ಕಳೆದ್ರೆ ಜಾಸ್ತಿ ಆಯ್ತು” ಎಂದು ಪಿಸುಗುಟ್ಟಿದಳು.

ಅಷ್ಟರಲ್ಲಿ ಗೋಡೆಯಾಚೆ ಧೊಪ್ಪೆಂದು ಒಂದು ಸದ್ದು. ಒಂದು ನಿಟ್ಟುಸಿರು. ಮತ್ತೊಂದು ಧೊಪ್. ಗೋಡೆಯ ಮೇಲೆ ಹಲ್ಲಿನ ಡಾಕ್ಟರ ತಲೆ ಮೂಡಿತು. ಕನ್ನಡಕ ಒಂದು ಕಿವಿಯಲ್ಲಿ ಮಾತ್ರ ಇತ್ತು.

“ಮೇಷ್ಟ್ರೇ, ನನ್ನ ಪಾತಿಯಲ್ಲಿ ಎರಡು ಗುಂಡಿ ಇದೆ. ಎರಡರಲ್ಲೂ ನಾನು ಈಗತಾನೆ ಬಿದ್ದು ಬಂದೆ.”

“ಅದು ಮೈನಸ್ ಎರಡು ಅಂಕಲ್” ಎಂದಳು ಮೊಮ್ಮಗಳು.

“ನಮ್ಮಲ್ಲಿ ಅದಕ್ಕೆ ಹುಳುಕು ಅಂತೀವಿ.”

ಸರಿಯಾಗಿ ಆಗಲೇ ಸೊಸೆ ಬಾಗಿಲಿಗೆ ಬಂದಳು. ಹಿತ್ತಿಲನ್ನು ನೋಡಿದಳು, ಗೋಡೆಯನ್ನು ನೋಡಿದಳು. “ಮಾವ, ಹಂದಿ ನುಗ್ಗಿತ್ತಾ?”

“ಪಾಠ” ಎಂದು ತಾತ ಗುದ್ದಲಿಯನ್ನು ಬೆನ್ನ ಹಿಂದೆ ಬಚ್ಚಿಟ್ಟರು. ಅದರ ಹಿಡಿ ಅವರ ತಲೆಗಿಂತ ಮೇಲೆ ಕಾಣುತ್ತಿತ್ತು.

ಸೊಸೆ ಮಗಳ ಕಡೆ ತಿರುಗಿದಳು. “ಮೂರರಿಂದ ಮೈನಸ್ ಎರಡು ಕಳೆದ್ರೆ ಎಷ್ಟೇ?”

“ಐದು.”

“ಯಾಕೆ?”

“ನಮ್ಮ ಎರಡು ಗುಂಡಿ ಡಾಕ್ಟರ್ ಅಂಕಲ್ ಮನೆಗೆ ಹೋಯ್ತಲ್ಲಮ್ಮ, ಅದಕ್ಕೆ.”

ಹಲ್ಲಿನ ಡಾಕ್ಟರೇ ಕನ್ನಡಕ ಸರಿಪಡಿಸಿಕೊಂಡು, ಮನಸ್ಸಿಲ್ಲದ ಮನಸ್ಸಿನಿಂದ, “ಉತ್ತರ ಸರಿ ಇದೆ” ಎಂದರು.

ಸೊಸೆಯ ಅಪ್ಪಣೆಯಂತೆ ಎರಡು ಗುಡ್ಡೆ ಮಣ್ಣು ಗೋಡೆ ದಾಟಿತು. ಬೇರೆಯವರ ಕೈಕೆಲಸ ಡಾಕ್ಟರಿಗೆ ಹಿಡಿಸದು. ತಾವೇ ಕೂತು ಗುಂಡಿ ತುಂಬಿ, ಅಂಚನ್ನು ಹೆಬ್ಬೆರಳಿನಿಂದ ಒತ್ತಿ, ಅಭ್ಯಾಸಬಲದಿಂದ “ಒಂದು ಗಂಟೆ ಏನೂ ಜಗಿಯಬೇಡಿ” ಎಂದು ಪಾತಿಗೆ ಹೇಳಿ ಎದ್ದರು.

ಸೊಸೆ ಒಳಗೆ ಹೋಗುತ್ತ, ತಿರುಗಿ ನೋಡದೆಯೇ ಹೇಳಿದಳು. “ಮಾವ, ಮುಂದಿನ ಪಾಠ ಮೈನಸ್ಸನ್ನ ಮೈನಸ್ಸಿಂದ ಗುಣಿಸೋದು. ನಾಳೆ ಸಂಜೆ ಅದನ್ನ ಶುರು ಮಾಡಿ.”

ತಾತ ಕನ್ನಡಕ ತೆಗೆದು ಒರೆಸಿಕೊಂಡರು. ಕೈಯಲ್ಲಿ ಮಣ್ಣಿದ್ದುದರಿಂದ ಅದು ಇನ್ನಷ್ಟು ಮಬ್ಬಾಯಿತು.

ಮರುದಿನ ಸಂಜೆ ಅವರು ಗುದ್ದಲಿ ಹಿಡಿದು ಹೊರಬಂದಾಗ, ಗೋಡೆಯಾಚೆ ಹಲ್ಲಿನ ಡಾಕ್ಟರು ಪಾತಿಯ ನಟ್ಟನಡುವೆ ಕುರ್ಚಿ ಹಾಕಿಕೊಂಡು, ಎದೆಗೆ ಕೈಕಟ್ಟಿ ಕಾವಲು ಕೂತಿದ್ದರು. ಕುರ್ಚಿಯ ಕಾಲುಗಳು ಮೆದು ಮಣ್ಣಿನೊಳಗೆ ಮೆಲ್ಲಮೆಲ್ಲಗೆ ಇಳಿಯುತ್ತಿದ್ದವು.

“ತಾತ” ಎಂದು ಮೊಮ್ಮಗಳು ಅವರ ತೋಳು ಎಳೆದಳು, “ಮೈನಸ್ ನಾಲ್ಕು.”