ಉಲಾನ್ ಬಂದರೆ

ಗುಲ್ಜಾದಾಳ ನೋಟ್‌ಬುಕ್ಕಿನ ಹತ್ತನೆಯ ವಾಕ್ಯಕ್ಕೆ ಬಂದು ಬುರುಲ್ಸುನ್ ಟೀಚರ ಕೆಂಪು ಪೆನ್ನು ನಿಂತಿತು. ‘ಹಿಮ ಬಿದ್ದರೆ’, ‘ಕುದುರೆ ತಪ್ಪಿಸಿಕೊಂಡರೆ’ ಎಂದು ಹೊರಟ ಒಂಬತ್ತು ಇಂಗ್ಲಿಷ್ ವಾಕ್ಯಗಳೂ ಚೆನ್ನಾಗಿಯೇ ಮುಗಿದಿದ್ದವು. ಹತ್ತನೆಯದು ಮಾತ್ರ ‘ಉಲಾನಣ್ಣ ಮನೆಗೆ ಬಂದರೆ’ ಎಂಬಲ್ಲಿಗೇ ನಿಂತುಬಿಟ್ಟಿತ್ತು.

“ಇದನ್ಯಾಕೆ ಬಾಲ ಇಲ್ಲದ ಕುರಿ ಥರ ಬಿಟ್ಟಿದೀಯೇ?”

“ಅಜ್ಜಿ ಮುಗಿಸ್ಬೇಡ ಅಂದ್ರು, ಎಜೆ.” ಊರಿನ ಮಕ್ಕಳಿಗೆಲ್ಲ ಟೀಚರು ‘ಎಜೆ’, ಅಂದರೆ ಅಕ್ಕ.

“ಬಾತ್ಮಾ ಅಜ್ಜಿಗೆ ಇಂಗ್ಲಿಷ್ ಯಾವಾಗ ಬಂತಮ್ಮ?”

ತರಗತಿ ಕಿಸಕ್ಕೆಂದಿತು. ಗುಲ್ಜಾದಾ ನಗಲಿಲ್ಲ. “ನಾನೇ ಅರ್ಥ ಹೇಳ್ದೆ. ಅರ್ಧ ಉಳಿಸಿದ್ದು ಅವನನ್ನ ಕರೀತಿರುತ್ತಂತೆ.”

ಉಲಾನ್ ಸೈಬೀರಿಯಾಕ್ಕೆ ಕೂಲಿಗೆ ಹೋಗಿ, ಫೋನು ನಿಂತು ಏಳು ತಿಂಗಳು. ಬುರುಲ್ಸುನ್‌ಗೆ ಪಾಪ ಎನಿಸಿತು. “ಇಂಥ ಮಾತು ಒಂಟಿಯಾಗಿ ನಿಲ್ಲೋದಿಲ್ಲ ಕಣೇ, ಅದಕ್ಕೊಂದು ಜೊತೆ ಬೇಕು” ಎನ್ನುತ್ತ ತಾನೇ ಬರೆದಳು: ‘ಹೊಟ್ಟೆ ತುಂಬ ಉಣ್ಣುತ್ತಾನೆ.’ ಒಳ್ಳೆಯ ಮಾತನ್ನೇ ಬರೆದೆನಲ್ಲ ಎಂದು ಅವಳ ಮನಸ್ಸು ಹಗುರಾಯಿತು.

ಮರುದಿನ ಹುಡುಗಿ ಶಾಲೆಗೆ ಬರಲಿಲ್ಲ. ಮಧ್ಯಾಹ್ನ ಬುರುಲ್ಸುನ್ ಮನೆಗೇ ಹೋದಳು. ಬಾತ್ಮಾ ಅಜ್ಜಿ ಒಲೆಯ ಪಕ್ಕ ಕೂತು ಜಪಮಣಿ ಎಣಿಸುತ್ತಿದ್ದಳು; ಗುಲ್ಜಾದಾ ಅವಳ ಮಗ್ಗುಲಿಗೆ ಅಂಟಿಕೊಂಡಿದ್ದಳು. ಬೈಯಲಿಲ್ಲ. ಬಟ್ಟಲಿಗೆ ಚಹಾ ಬಗ್ಗಿಸಿ ಮುಂದಿಟ್ಟಳು. ಗೋಡೆಯ ಮೊಳೆಗೆ ಒಂದು ಬಟ್ಟೆಯ ಚೀಲ ತೂಗುತ್ತಿತ್ತು. ಅದೇನೆಂದು ಬುರುಲ್ಸುನ್‌ಗೆ ಹೇಳಬೇಕಾಗಿರಲಿಲ್ಲ. ದೂರ ಹೊರಟವನು ರೊಟ್ಟಿಯನ್ನು ಒಂದೇ ಒಂದು ಸಲ ಕಚ್ಚಿ ಹೋಗುತ್ತಾನೆ. ಉಳಿದದ್ದನ್ನು ಅವನೇ ಬಂದು ತಿನ್ನಲೆಂದು ಮನೆಯವರು ತೂಗುಹಾಕುತ್ತಾರೆ. ಬುರುಲ್ಸುನ್‌ಳ ತಾಯಿಯೂ ಹಾಗೆ ಕಾದವಳೇ.

“ನಿನ್ನೆ ಸಂಜೆ ಇವಳು ನಿನ್ನ ಮಾತನ್ನ ಗಟ್ಟಿಯಾಗಿ ಓದಿದ್ಲು,” ಎಂದಳು ಅಜ್ಜಿ. “ಆಮೇಲೆ ನಾನೇ ಬಾಗಿಲಿಗೆ ಅಗಳಿ ಹಾಕ್ದೆ. ಬೆಳಗ್ಗೆ ನಮಾಜಿಗೆ ಎದ್ದಾಗಲೂ ಹಾಕಿದ್ದು ಹಾಕಿದ ಹಾಗೇ ಇತ್ತು. ನಾಯೀನೂ ಬೊಗಳಿಲ್ಲ. ಬಿಚ್ಚಿ ನೋಡು.”

ಬುರುಲ್ಸುನ್ ಚೀಲ ಬಿಚ್ಚಿದಳು. ಅವನು ಹೊರಟ ದಿನದಿಂದ ತೂಗಿ ಕಲ್ಲಾಗಿದ್ದ ರೊಟ್ಟಿಯಲ್ಲಿ ಉಳಿದದ್ದು ಹೆಬ್ಬೆರಳಷ್ಟು ತುಣುಕು. ಅದರ ಅಂಚಿನಲ್ಲಿ ಹಲ್ಲಿನ ಗುರುತು. ಮುಟ್ಟಿದರೆ ಇನ್ನೂ ಒದ್ದೆ.

“ಹಾಗಾದ್ರೆ ಬಂದಿದಾನೆ,” ಎಂದಳು ಬುರುಲ್ಸುನ್. “ಇಲ್ಲೇ ಎಲ್ಲೋ ಇರ್ತಾನೆ, ಅಜ್ಜೀ. ಹುಡುಕೋಣ.”

ಅಜ್ಜಿ ಪ್ರಾರ್ಥನೆ ಮುಗಿಸಿದವಳಂತೆ ಎರಡೂ ಅಂಗೈಗಳನ್ನು ಮೆಲ್ಲಗೆ ಮುಖದ ಮೇಲೆ ಸವರಿಕೊಂಡಳು.

“ಬದುಕಿ ಬಂದಿದ್ರೆ, ನನ್ನನ್ನ ಎಬ್ಬಿಸ್ದೆ ಹೋಗ್ತಿದ್ನಾ, ಮಗಳೇ?”